ಎಲ್ಲ ಕೋವಿಗೂ ಒಂದೇ ಸೈಲೆನ್ಸರ್ ಎಂಬ ಮಾತು

ಕಾಡುಹಂದಿಯ ಕಾಟದ ಮಾತು ಎದ್ದ ಕಡೆಯಲ್ಲೆಲ್ಲ ಈಗ ಸೈಲೆನ್ಸರ್ ಮಾತೂ ಏಳುತ್ತದೆ. ಅರಣ್ಯ ಇಲಾಖೆಯವರು ಸದ್ದು ಬಾರದ ಕೋವಿ ತರಲಿ, ಒಂದು ಹಂದಿ ಉರುಳಿದರೂ ಪಕ್ಕದ್ದಕ್ಕೆ ತಿಳಿಯುವುದಿಲ್ಲ, ಒಂದೇ ರಾತ್ರಿಗೆ ಹಿಂಡು ಖಾಲಿ ಎನ್ನುತ್ತಾರೆ. ಖರ್ಚಿನ ಪ್ರಶ್ನೆ ಎತ್ತಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಒಳ್ಳೆಯದೊಂದು ಸೈಲೆನ್ಸರ್ ಕೊಂಡರೆ ಸಾಕು, ಬೇಕಾದ ಕೋವಿಗೆ ತಿರುಗಿಸಿ ಹಾಕಿಕೊಳ್ಳಬಹುದು. ಮೊದಲನೆಯ ಮಾತನ್ನು ನಮಗೆ ಕಲಿಸಿದ್ದು ಸಿನಿಮಾ. ಎರಡನೆಯದು ಸೈಲೆನ್ಸರ್ ಮಾರಾಟಕ್ಕೆ ಅನುಮತಿಯಿರುವ ದೇಶಗಳ ಬೇಟೆಗಾರರಿಂದ ಬಂದದ್ದು. ಅಲ್ಲಿ ಹೊಸಬರಿಗೆ ಸಿಗುವ ಮೊದಲ ಬುದ್ಧಿಮಾತೇ, .30 ಅಳತೆಯ ಗುಂಡಿನ ಸೈಲೆನ್ಸರ್ ಒಂದು ತೆಗೆದುಕೋ, ಎಲ್ಲಕ್ಕೂ ಆಗುತ್ತದೆ ಎಂಬುದು. ಎರಡೂ ತಪ್ಪು. ನಾಟ್ರಾಂಪಾಳ್ಯದಂಥ ಊರಿಗೆ ಇವನ್ನು ತಂದು ನಿಲ್ಲಿಸಿದರೆ ಆ ತಪ್ಪು ಇನ್ನಷ್ಟು ದುಬಾರಿಯಾಗುತ್ತದೆ.

ಮೊದಲು ಊರಿನ ನೆಲ ನೋಡಬೇಕು. ಅಂಚೆಟ್ಟಿಯಿಂದ ಹೊಗೇನಕಲ್ಲಿಗೆ ಹೋಗುವ ದಾರಿಯಲ್ಲಿ, ಮೇಲಗಿರಿ ಬೆಟ್ಟಸಾಲಿನ ನಡುವೆ ನಾಟ್ರಾಂಪಾಳ್ಯ ಇದೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಕಚೇರಿಯ ಭಾಷೆ ತಮಿಳು, ಮನೆಯೊಳಗೆ ಕನ್ನಡ. ಸುತ್ತಣ ಸೀಮೆಯಲ್ಲಿ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮ ಘೋಷಣೆಯಾಯಿತು, 2022ರ ನವೆಂಬರಿನಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮ. ಎರಡೂ ಸೇರಿ ಸುಮಾರು 1,190 ಚದರ ಕಿಲೋಮೀಟರ್. ಹೊಳೆ ದಾಟಿದರೆ ಕರ್ನಾಟಕದ ಕಾವೇರಿ ವನ್ಯಜೀವಿಧಾಮ. ಈ ಕಾಡಿನ ಮಡಿಲಲ್ಲಿ ರಾಗಿ, ಸಾಮೆ, ಅವರೆ, ಹುರುಳಿ ಬೆಳೆಯುವ ಹೊಲಗಳಿವೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯ ಆನೆಗಳು ಜವಳಗಿರಿಯ ಮೇಲಿಂದ ಈ ಸೀಮೆಗೆ ಇಳಿಯುತ್ತವೆ. ಹಂದಿಗೆ ಅಂಥ ಕಾಲವೂ ಬೇಕಿಲ್ಲ, ವರ್ಷವಿಡೀ ಇಲ್ಲೇ ಇರುತ್ತದೆ.

2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಹಂದಿಯ ಬಗ್ಗೆ ತನ್ನ ನಿಲುವನ್ನು ವಿಧಾನಸಭೆಯಲ್ಲಿ ತಿಳಿಸಿತು. ಮೀಸಲು ಅರಣ್ಯದಿಂದ 1 ಕಿಲೋಮೀಟರ್ ಒಳಗಿದ್ದರೆ ಹೊಡೆಯುವಂತಿಲ್ಲ. 1ರಿಂದ 3 ಕಿಲೋಮೀಟರ್ ನಡುವೆ ಹಿಡಿದು ಕಾಡಿಗೆ ಬಿಡಬೇಕು. 3 ಕಿಲೋಮೀಟರ್ ಆಚೆ ಮಾತ್ರ ಗುಂಡು, ಅದೂ ಅರಣ್ಯ ಸಿಬ್ಬಂದಿಯಿಂದ. ನಾಟ್ರಾಂಪಾಳ್ಯದ ಸುತ್ತ ಕಾಡಂಚಿಗೆ 3 ಕಿಲೋಮೀಟರ್ ದೂರದ ಹೊಲ ಹುಡುಕುವುದೇ ಕಷ್ಟ. ಅಂದರೆ ಹಂದಿಯ ಹಾವಳಿ ಹೆಚ್ಚಿರುವ ಕಡೆಯೇ ಈ ಗುಂಡು ಹಾರುವುದಿಲ್ಲ. ಕೇರಳ 2022ರಲ್ಲಿ ಬೇರೆ ದಾರಿ ಹಿಡಿದು, ಲೈಸೆನ್ಸ್ ಇರುವವರ ಕೈಯಲ್ಲಿ ಹೊಡೆಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಕೊಟ್ಟಿತು. ನಾಳೆ ತಮಿಳುನಾಡೂ ನಿಯಮ ಸಡಿಲಿಸಬಹುದು. ಹಾಗಾದ ದಿನ ಖರೀದಿಯ ಪಟ್ಟಿಯಲ್ಲಿ ಸೈಲೆನ್ಸರ್ ಬಂದೇ ಬರುತ್ತದೆ. ಚರ್ಚೆ ಅದಕ್ಕೆ ಮುಂಚೆಯೇ ಆಗಬೇಕು.

ಸದ್ದಿಲ್ಲ ಎಂಬ ನಂಬಿಕೆಯನ್ನು ಅಂಕಿಗಳ ಮುಂದೆ ಇಟ್ಟು ನೋಡೋಣ. 1909ರಲ್ಲಿ ಅಮೆರಿಕದ ಹೈರಂ ಪರ್ಸಿ ಮ್ಯಾಕ್ಸಿಂ ಪೇಟೆಂಟ್ ಪಡೆದಾಗಿನಿಂದ ಈ ಸಾಧನದ ತತ್ವ ಬದಲಾಗಿಲ್ಲ. ಗುಂಡಿನ ಬೆನ್ನಿಗೆ ನಳಿಗೆಯಿಂದ ನುಗ್ಗುವ ಬಿಸಿ ಅನಿಲವನ್ನು ಒಂದು ಕೊಳವೆಯೊಳಗಿನ ಅಡ್ಡತಟ್ಟೆಗಳಲ್ಲಿ ಸುತ್ತಾಡಿಸಿ, ತಣಿಸಿ, ತಡವಾಗಿ ಹೊರಗೆ ಬಿಡುವುದು, ಅಷ್ಟೇ. ದೊಡ್ಡ ರೈಫಲ್ಲಿನ ಸದ್ದು 160 ಡೆಸಿಬೆಲ್ ದಾಟುತ್ತದೆ. ಒಳ್ಳೆಯ ಸೈಲೆನ್ಸರ್ ಅದರಲ್ಲಿ 20ರಿಂದ 35 ಡೆಸಿಬೆಲ್ ಇಳಿಸುತ್ತದೆ. ಉಳಿಯುವುದು 130ರ ಆಚೀಚೆ. ನಮ್ಮ ದೇಶದ ಕಾನೂನು ಪಟಾಕಿಗೆ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮಿತಿ ಹಾಕಿದೆ. ಅಳೆಯುವ ಕ್ರಮ ಎರಡಕ್ಕೂ ಒಂದೇ ಅಲ್ಲದಿದ್ದರೂ ಅಂದಾಜು ಸಿಗುತ್ತದೆ: ಸೈಲೆನ್ಸರ್ ಹಾಕಿದ ರೈಫಲ್ ದೀಪಾವಳಿಯ ಸದ್ದಿಗೆ ಹತ್ತಿರ.

ಇನ್ನೊಂದು ಸದ್ದಿಗಂತೂ ಸೈಲೆನ್ಸರ್ ಕೈಯೇ ಹಾಕಲಾರದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. .308 ರೈಫಲ್ಲಿನ ಗುಂಡು ಸುಮಾರು 800 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದು ಸಾಗುವ ದಾರಿಯುದ್ದಕ್ಕೂ ಗಾಳಿ ಸೀಳುವ ಛಟೀರ್ ಸದ್ದು ಹುಟ್ಟುತ್ತದೆ. ಅದು ಹುಟ್ಟುವುದು ಗುಂಡಿನಲ್ಲಿ, ನಳಿಗೆಯ ಬಾಯಲ್ಲಲ್ಲ. ಬೆಟ್ಟಗಳ ನಡುವಿನ ಕಣಿವೆಯಲ್ಲಿ ಅದು ಮರುದನಿಯಾಗಿ ಎರಡು ಸಲ ಕೇಳುತ್ತದೆ. ಗುಂಡು ಯಾವ ದಿಕ್ಕಿನಿಂದ ಬಂತು ಎಂದು ಹಂದಿಗೆ ತುಸು ಗೊಂದಲವಾಗಬಹುದು, ಆ ಲಾಭವನ್ನು ಒಪ್ಪುತ್ತೇನೆ. ಹಿಂಡು ನಿಂತಲ್ಲೇ ನಿಂತಿರುತ್ತದೆ ಎಂದು ಲೆಕ್ಕ ಹಾಕಿ ಯೋಜನೆ ಮಾಡುವವರು ಹಂದಿಯ ಕಿವಿಯನ್ನು ಬಲ್ಲವರಲ್ಲ.

ಇನ್ನು ಎಲ್ಲಕ್ಕೂ ಒಂದೇ ಎಂಬ ವಾದ. ಅದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಇಷ್ಟು ದಿನ ಬಾಳಿದೆ. ದೊಡ್ಡ ರಂಧ್ರದ ಸೈಲೆನ್ಸರಿನಲ್ಲಿ ಸಣ್ಣ ಗುಂಡು ಹಾದುಹೋಗಬಹುದು. .30ರ ಕೊಳವೆಯನ್ನು .243ರ ರೈಫಲ್ಲಿಗೆ ಹಾಕಿದರೆ ಕೆಲವೇ ಡೆಸಿಬೆಲ್ ನಷ್ಟ, ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ನಾಲ್ಕು ಬಗೆಯ ವಿದೇಶಿ ರೈಫಲ್ ಇಟ್ಟುಕೊಂಡ ನ್ಯೂಜಿಲೆಂಡಿನ ಬೇಟೆಗಾರನಿಗೆ ಈ ಸಲಹೆ ಬಹುಮಟ್ಟಿಗೆ ನಡೆಯುತ್ತದೆ. ನಮ್ಮಲ್ಲಿ ಕೈಗೆ ಸಿಗುವ ಕೋವಿಗಳೇ ಬೇರೆ.

ಭಾರತದಲ್ಲಿ ಲೈಸೆನ್ಸಿನ ಮೇಲೆ ಸಾಮಾನ್ಯವಾಗಿ ಸಿಗುವುದು ಆರ್ಡ್‌ನನ್ಸ್ ಕಾರ್ಖಾನೆಯ .315 ರೈಫಲ್ ಮತ್ತು 12 ಬೋರಿನ ಕೋವಿ. .30 ಗುಂಡಿನ ಅಡ್ಡಳತೆ 7.8 ಮಿಲಿಮೀಟರ್. .315ರದು 8 ಮಿಲಿಮೀಟರ್ ದಾಟುತ್ತದೆ. ವ್ಯತ್ಯಾಸ ಕಣ್ಣಿಗೆ ಕಾಣದಷ್ಟು. ಆದರೆ ಸೈಲೆನ್ಸರಿನ ಒಳದಾರಿ ಕೊರೆಯುವಾಗ ಗುಂಡಿನ ಸುತ್ತ ಬಿಡುವ ತೆರವೂ ಅಷ್ಟೇ ಕಿರಿದು. ದೊಡ್ಡ ಗುಂಡು ಆ ತೆರವನ್ನು ತಿಂದುಹಾಕುತ್ತದೆ. ಎಳೆಯಷ್ಟು ಓರೆಯಾದರೂ ಗುಂಡು ಅಡ್ಡತಟ್ಟೆಗೆ ಬಡಿದು ಕೊಳವೆ ಸೀಳುತ್ತದೆ. ಎಲ್ಲಕ್ಕೂ ಆಗುತ್ತದೆ ಎಂದು ಕೊಂಡ .30ರ ಸೈಲೆನ್ಸರ್ ನಮ್ಮಲ್ಲಿ ತೀರ ಸಾಮಾನ್ಯವಾದ ರೈಫಲ್ಲಿಗೇ ಆಗುವುದಿಲ್ಲ. 12 ಬೋರ್ ಮಾತಂತೂ ಎತ್ತುವಂತೆಯೇ ಇಲ್ಲ. ಅದರಿಂದ ಸಾಮಾನ್ಯವಾಗಿ ಹಾರುವುದು ಒಂಟಿ ಗುಂಡಲ್ಲ, ಚೆರೆಗಳ ಗೊಂಚಲು. ಜೊತೆಗೆ ಅವನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಬಟ್ಟಲೂ ಬರುತ್ತದೆ. ಅದಕ್ಕೆ ಬೇರೆಯದೇ ಆಕಾರದ, ಉದ್ದನೆಯ ಸಾಧನ ಬೇಕು.

.22ರ ಸಣ್ಣ ರೈಫಲ್ಲಿಗೆ ಇದನ್ನೇ ಹಾಕಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಹಾಕಬಹುದು, ಹಾಕಬಾರದು. .22ರ ಗುಂಡು ಬರಿಯ ಸೀಸ ಅಥವಾ ಸೀಸದ ಮೇಲೆ ತೆಳು ಲೇಪ. ಪ್ರತಿ ಗುಂಡಿಗೂ ಒಂದಿಷ್ಟು ಸೀಸ ಕರಗಿ, ಆವಿಯಾಗಿ, ಅಡ್ಡತಟ್ಟೆಗಳ ಮೇಲೆ ಕೂರುತ್ತದೆ. ಕೆಲವು ನೂರು ಗುಂಡುಗಳಾದ ಮೇಲೆ ಅಂಥ ಕೊಳವೆಯನ್ನು ಬಿಚ್ಚಿದರೆ ಬೂದುಬಣ್ಣದ ಗಟ್ಟಿ ಪದರ ಕಾಣುತ್ತದೆ, ಉಗುರಿಗೆ ಏಳುವುದಿಲ್ಲ, ಚೂಪಾದ ಉಕ್ಕಿನಿಂದ ಕೆರೆಯಬೇಕು. ಆ ಪುಡಿ ವಿಷ. ಬರಿಗೈಯಲ್ಲಿ ಮುಟ್ಟಬಾರದು, ಮಕ್ಕಳಿರುವ ಮನೆಯಲ್ಲಿ ಕೆರೆಯಲೂಬಾರದು. .22ಕ್ಕೆಂದೇ ಮಾಡಿದ ಸೈಲೆನ್ಸರುಗಳು ಬಿಚ್ಚಿ ತೊಳೆಯುವಂತಿರುತ್ತವೆ. ದೊಡ್ಡ ರೈಫಲ್ಲಿನವುಗಳಲ್ಲಿ ಬಹಳಷ್ಟು ಬೆಸುಗೆ ಹಾಕಿ ಮುಚ್ಚಿದವು. ಒಳಗೆ ಕೂತ ಸೀಸ ಅಲ್ಲೇ ಬೆಳೆಯುತ್ತದೆ, ಕೊಳವೆಯ ತೂಕ ಏರುತ್ತದೆ, ದಾರಿ ಕಿರಿದಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಗುರಿಯ ಮಾತು. ನಳಿಗೆಯ ತುದಿಗೆ ಅರ್ಧ ಕಿಲೋ ತೂಗಿಸಿದಾಗ ಗುಂಡು ಬೀಳುವ ಜಾಗ ಸರಿಯುತ್ತದೆ. ಎಷ್ಟು, ಯಾವ ಕಡೆಗೆ ಎಂಬುದು ರೈಫಲ್ಲಿನಿಂದ ರೈಫಲ್ಲಿಗೆ ಬೇರೆ. ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿದಾಗಲೆಲ್ಲ ಹಲಗೆಯ ಮುಂದೆ ಕೂತು ಗುಂಡು ಖರ್ಚು ಮಾಡಿ ಗುರಿಯನ್ನು ಮತ್ತೆ ಕೂಡಿಸಬೇಕು. ನಳಿಗೆಯ ತುದಿಯ ತಿರುಪು ಮರೆಗಳ (ಥ್ರೆಡ್) ಅಳತೆಯೂ ಒಂದೇ ಅಲ್ಲ: ಅಮೆರಿಕದ ರೈಫಲ್ಲಿಗೆ ಇಂಚಿನ ಲೆಕ್ಕ, ಯುರೋಪಿನದಕ್ಕೆ ಮಿಲಿಮೀಟರ್ ಲೆಕ್ಕ. ನಡುವೆ ಜೋಡಣೆಯ ಬಳೆ ಹಾಕಿದರೆ ಓರೆಯಾಗುವ ಇನ್ನೊಂದು ಸಂದು ಸೇರಿಕೊಳ್ಳುತ್ತದೆ. ರಾತ್ರಿ ಹೊಲದಲ್ಲಿ ಟಾರ್ಚ್ ಬೆಳಕಿನಲ್ಲಿ ನಾಲ್ಕು ಬೆರಳು ತಪ್ಪಿದ ಗುಂಡು ಹಂದಿಯನ್ನು ಕೊಲ್ಲುವುದಿಲ್ಲ, ಗಾಯಗೊಳಿಸುತ್ತದೆ. ಮರುದಿನ ಬೆಳಗ್ಗೆ ಲಂಟಾನ ಪೊದೆಯಲ್ಲಿ ಆ ಹಂದಿ ಎದುರಾಗುವುದು ಸೌದೆಗೆ ಹೋದ ಹೆಂಗಸಿಗೆ.

ಹಾಗಾದರೆ ಹಲವು ಕೋವಿಗೆ ಹೊಂದುವಂತೆ ಆರಿಸುವುದು ಅಸಾಧ್ಯವೇ? ಅಸಾಧ್ಯವಲ್ಲ, ಆದರೆ ಲೆಕ್ಕ ಹಿಡಿಯಬೇಕಾದದ್ದು ಇನ್ನೊಂದು ತುದಿಯಿಂದ. ಇರುವ ರೈಫಲ್ಲುಗಳಲ್ಲಿ ಅತಿ ದಪ್ಪ ಗುಂಡು ಯಾವುದರದು, ಅತಿ ಹೆಚ್ಚು ಒತ್ತಡ ಯಾವುದರದು, ಅತಿ ಗಿಡ್ಡ ನಳಿಗೆ ಯಾವುದರದು. ಸೈಲೆನ್ಸರ್ ಈ ಮೂರನ್ನೂ ತಡೆಯುವಂಥದ್ದಾಗಿರಬೇಕು. ಗಿಡ್ಡ ನಳಿಗೆಯಲ್ಲಿ ಮದ್ದು ಪೂರ್ತಿ ಉರಿಯುವ ಮೊದಲೇ ಬೆಂಕಿ ಕೊಳವೆಗೆ ನುಗ್ಗುತ್ತದೆ, ಮೊದಲ ಅಡ್ಡತಟ್ಟೆ ಬೇಗ ಸವೆಯುತ್ತದೆ. ಎಲ್ಲ ನಳಿಗೆಗೂ ಒಬ್ಬನೇ ನುರಿತ ಕೆಲಸಗಾರನಿಂದ ಒಂದೇ ಅಳತೆಯ ಮರೆ ಕೊರೆಸಬೇಕು. .22 ಮತ್ತು 12 ಬೋರನ್ನು ಈ ಲೆಕ್ಕದಿಂದ ಹೊರಗಿಡಬೇಕು. ಇಷ್ಟಾದ ಮೇಲೆ ಸಿಗುವುದು ಭಾರವಾದ, ಉದ್ದನೆಯ, ದುಬಾರಿ ವಸ್ತು. ಎರಡು ರೈಫಲ್ಲಿಗೆ ಎರಡು ಹಗುರ ಸೈಲೆನ್ಸರ್ ಇದಕ್ಕಿಂತ ಮೇಲು ಎಂಬ ತೀರ್ಮಾನಕ್ಕೆ ಲೆಕ್ಕವೇ ತಂದು ನಿಲ್ಲಿಸುತ್ತದೆ.

ನಮ್ಮ ದೇಶದಲ್ಲಿ ಈ ಆಯ್ಕೆ ರೈತನ ಮುಂದೆ ಇಲ್ಲ. ಸದ್ದನ್ನೋ ಬೆಂಕಿಯ ಹೊಳಪನ್ನೋ ತಗ್ಗಿಸುವ ಸಾಧನಗಳನ್ನು ಶಸ್ತ್ರಾಸ್ತ್ರ ನಿಯಮಗಳು ನಿಷೇಧಿತ ವರ್ಗಕ್ಕೆ ಸೇರಿಸಿವೆ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರ ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತೆಯೂ ಇಲ್ಲ. ಕೆಲವರು ಈ ನಿಷೇಧವನ್ನೇ ಮುಂದಿಟ್ಟು, ಸೈಲೆನ್ಸರ್ ಕೊಲೆಗಡುಕರ ಸಾಧನ, ಅದರ ಮಾತೇ ಬೇಡ ಎನ್ನುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಫಿನ್‌ಲೆಂಡ್, ನಾರ್ವೆಗಳಲ್ಲಿ ಅದು ಬೇಟೆಗಾರನ ಕಿವಿ ಕಾಯುವ ವಸ್ತು. 1934ರಿಂದ ಅದರ ಮೇಲೆ 200 ಡಾಲರ್ ತೆರಿಗೆ ಹಾಕುತ್ತಿದ್ದ ಅಮೆರಿಕ 2026ರ ಜನವರಿಯಿಂದ ಆ ತೆರಿಗೆಯನ್ನು ಸೊನ್ನೆಗಿಳಿಸಿತು. 140 ಡೆಸಿಬೆಲ್ ದಾಟಿದ ಒಂದೇ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಕಿವಿಗೆ ಏನನ್ನೂ ಹಾಕಿಕೊಳ್ಳದೆ ಗುಂಡು ಹಾರಿಸುವ ವಾಚರುಗಳೂ ಗಾರ್ಡುಗಳೂ ವಯಸ್ಸಾಗುವ ಮುಂಚೆಯೇ ಕಿವುಡಾಗಬಹುದು. ಇಲಾಖೆಯ ಕೈಯಲ್ಲಿ ಸೈಲೆನ್ಸರ್ ಇರಬೇಕಾದರೆ ಆ ಕಾರಣಕ್ಕೆ ಇರಲಿ.

ಊರಿನವರ ಕೈಗೆ ಮಾತ್ರ ಬೇಡ. ನಾಟ್ರಾಂಪಾಳ್ಯದ ಸೀಮೆಯಲ್ಲಿ ಕಾವಲು ಎಂದರೆ ಸದ್ದು. ಅಟ್ಟಣೆಯ ಮೇಲೆ ಕೂತವನು ತಗಡು ಬಡಿಯುತ್ತಾನೆ, ಪಟಾಕಿ ಸಿಡಿಸುತ್ತಾನೆ, ಕೂಗುತ್ತಾನೆ. ಲೈಸೆನ್ಸ್ ಇಲ್ಲದ ನಾಟು ತುಪಾಕಿಗಳೂ ಈ ಸೀಮೆಯಲ್ಲಿವೆ. ಅವನ್ನು ತಂದೊಪ್ಪಿಸಿ ಎಂದು ಪೊಲೀಸರೂ ಅರಣ್ಯ ಇಲಾಖೆಯೂ ಮತ್ತೆ ಮತ್ತೆ ಕೇಳಿಕೊಂಡಿದ್ದಾರೆ. ಕೇಪು ಹಾಕಿ ಮದ್ದು ತುಂಬುವ ಆ ತುಪಾಕಿ ಅಪಾಯದ್ದು, ಒಪ್ಪಿಸಬೇಕಾದದ್ದೇ. ಆದರೂ ಅದು ಹಾರಿದರೆ ಕಣಿವೆಗೆಲ್ಲ ತಿಳಿಯುತ್ತದೆ. ಜಿಂಕೆಗೋ ಕಡವೆಗೋ ಯಾರೋ ಗುಂಡು ಹೊಡೆದರೆಂದು ಕಾವಲು ಶಿಬಿರದ ಸಿಬ್ಬಂದಿ ಎದ್ದು ಹೊರಡುವುದು ಆ ಸದ್ದು ಕೇಳಿ. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯಿದೆ. ಅಲ್ಲಿನ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯೂ 2029ರವರೆಗೆ ಇದೆ. ಕೋವಿ ಅಷ್ಟು ಬಳಕೆಯಲ್ಲಿರುವ ನಾಡಿನಲ್ಲೂ ಅದರ ಸದ್ದನ್ನು ಅಡಗಿಸಬೇಕೆಂದು ಯಾರಾದರೂ ಕೇಳಿದ್ದು ನನಗೆ ತಿಳಿದಿಲ್ಲ. ವನ್ಯಜೀವಿಧಾಮಗಳ ನಡುವಿನ ಹೊಲದಲ್ಲಿ ಕೋವಿಯ ಸದ್ದು ಅರ್ಧಕ್ಕರ್ಧ ಇಳಿದರೆ ಹಂದಿ ಕಡಿಮೆಯಾಗುವುದಕ್ಕಿಂತ ಮೊದಲು ಕಡವೆ ಕಡಿಮೆಯಾಗುತ್ತದೆ.

ನಿಯಮ ಬದಲಾಗಿ ಈ ಸೀಮೆಯ ಹೊಸೂರು ಅರಣ್ಯ ವಿಭಾಗಕ್ಕೆ ಹಂದಿ ಹೊಡೆಯುವ ತಂಡ ಬರುವುದಾದರೆ ಮೊದಲು ಕೊಳ್ಳಬೇಕಾದದ್ದು ಪ್ರತಿ ಸಿಬ್ಬಂದಿಗೂ ಕಿವಿಗೆ ಹಾಕುವ ರಕ್ಷೆ. ಬೆಲೆ ಕಡಿಮೆ, ಪರವಾನಗಿ ಬೇಕಿಲ್ಲ. ಆಮೇಲೆ ತಂಡಕ್ಕೆಲ್ಲ ಒಂದೇ ಅಳತೆಯ, ಕಾರ್ಖಾನೆಯಲ್ಲೇ ತುದಿಗೆ ಮರೆ ಕೊರೆದ ರೈಫಲ್. ಸೈಲೆನ್ಸರ್ ಬರಬೇಕಾದದ್ದು ಕೊನೆಗೆ, ಪ್ರತಿ ರೈಫಲ್ಲಿಗೂ ಅದರದೇ ಒಂದು, ಅದರೊಂದಿಗೇ ಗುರಿ ಕೂಡಿಸಿ, ಎರಡರ ಮೇಲೂ ಒಂದೇ ನಂಬರ್ ಕೆತ್ತಿ. ಟೆಂಡರ್ ಕಾಗದದಲ್ಲಿ ಎಲ್ಲ ಬಗೆಯ ಕೋವಿಗೂ ಹೊಂದುವ ಒಂದು ಸೈಲೆನ್ಸರ್ ಎಂಬ ಸಾಲು ಕಂಡರೆ, ಸಹಿ ಹಾಕುವ ಅಧಿಕಾರಿ ಇಲಾಖೆಯ .315 ರೈಫಲ್ ತರಿಸಿ, ಇದಕ್ಕೆ ಹಾಕಿ ತೋರಿಸಿ ಎಂದು ಮಾರುವವನನ್ನು ಕೇಳಲಿ.