ಆಣೆ ಮಾಡಿದವಳು ರಾಣಿಯೊಬ್ಬಳೇ
ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ರಾಣಿಯ ಗೆಲುವಿನ ಕಥೆಯೆಂದು ಹೊಗಳುವವರೇ ಹೆಚ್ಚು. ನಾಟಕದಲ್ಲಿ ಪ್ರಶ್ನೆ ಕೇಳುವ ಹಕ್ಕು ಯಾರದು, ಉತ್ತರ ಕೊಡುವ ಹೊಣೆ ಯಾರದು ಎಂದಷ್ಟೇ ಗಮನಿಸಿ ನೋಡಿ. ಗಂಡ ಅಪ್ಪಣ್ಣ ಅವಳನ್ನು ಮನೆಯೊಳಗಿಟ್ಟು ಬೀಗ ಹಾಕುತ್ತಾನೆ. ಅವಳು ಏನನ್ನೂ ಕೇಳುವಂತಿಲ್ಲ. ರಾತ್ರಿ ಅವನ ರೂಪದಲ್ಲಿ ಬರುವ ನಾಗ ಪ್ರೀತಿಯಿಂದ ಮಾತಾಡಿಸಿದರೂ, ಯಾಕೆಂದು ಕೇಳಬೇಡವೆಂದೇ ಹೇಳುತ್ತಾನೆ. ಬಸುರಾದಾಗ ಹಿರಿಯರ ಮುಂದೆ ಆಣೆ ಮಾಡಬೇಕಾದವಳು ಅವಳೊಬ್ಬಳೇ. ಇನ್ನೊಬ್ಬಳ ಮನೆಗೆ ಹೋಗುವ ಅಪ್ಪಣ್ಣನನ್ನು ಯಾರೂ ವಿಚಾರಿಸುವುದಿಲ್ಲ.

ಗಂಡನನ್ನೂ ಈ ನಾಗರಹಾವನ್ನೂ ಬಿಟ್ಟು ಗಂಡುಜಾತಿಯ ಬೇರೆ ಯಾರನ್ನೂ ಮುಟ್ಟಿಲ್ಲವೆಂದು ರಾಣಿ ಹೇಳುವುದು ಅಕ್ಷರಶಃ ನಿಜ. ಊರಿಗೆ ಆ ಮಾತು ಬೇಕಿಲ್ಲ; ಹಾವು ಕಚ್ಚಲಿಲ್ಲವೆಂಬ ಪವಾಡ ಸಾಕು. ಅವಳು ದೇವಿಯಾದಳು. ಅಪ್ಪಣ್ಣ ಕಾಲಿಗೆ ಬೀಳುವುದೂ ದೇವಿಗೇ, ಹೆಂಡತಿಗಲ್ಲ. ಇದನ್ನು ಗೆಲುವು ಎನ್ನಲು ನನಗೆ ಬಾಯಿ ಬರುವುದಿಲ್ಲ.