ಮಾಳಿಗೆಯ ಬಿಸಿಲು ಯಾರ ಲೆಕ್ಕಕ್ಕೆ?

ಧಾರವಾಡದ ನಮ್ಮ ಮನೆಯ ಮಾಳಿಗೆ ಮೇಲೆ ಮೂರು ಕಿಲೋವ್ಯಾಟ್‌ನ ಸೋಲಾರ್ ಫಲಕಗಳಿವೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಿಸಿಲೇರುವ ಮೊದಲೇ ಹತ್ತಿ, ಕೆಂಪು ಧೂಳು ತೊಳೆದು ಇಳಿಯುತ್ತೇನೆ. ಕೆಳಗೆ ಗೋಡೆಯ ನೆಟ್ ಮೀಟರಿನಲ್ಲಿ ಎರಡು ಅಂಕಿ ಸರದಿಯಂತೆ ಕಾಣುತ್ತವೆ: ವಿದ್ಯುತ್ ವಿತರಣಾ ಕಂಪನಿಯಾದ ಹೆಸ್ಕಾಂನಿಂದ ನಾವು ಪಡೆದದ್ದು, ಹೆಸ್ಕಾಂಗೆ ನಾವು ಕೊಟ್ಟದ್ದು. ಮೂರನೆಯ ಅಂಕಿಯೊಂದು ನಮ್ಮ ಕಣ್ಣಿಗೆ ಬೀಳಬೇಕು ಎಂಬುದು ನನ್ನ ವಾದ.

ಸೌರವಿದ್ಯುತ್ತಿಗೆ ಎರಡು ಬೆಲೆ. ಒಂದು ಕರೆಂಟಿನದು, ಇನ್ನೊಂದು, ಕಲ್ಲಿದ್ದಲು ಸುಡದೆ ಅದು ಹುಟ್ಟಿತು ಎಂಬ ಗುಣದ್ದು. ಈ ಗುಣವನ್ನಷ್ಟೇ ಬಿಡಿಸಿ ಮಾರುವ ಚೀಟಿಯೇ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರ. ವ್ಯವಹಾರದವರ ಬಾಯಲ್ಲಿ ಅದು ‘ಆರ್‌ಇಸಿ’. ಸಾವಿರ ಯೂನಿಟ್‌ಗೆ ಒಂದು ಚೀಟಿ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2010ರಲ್ಲಿ ನಿಯಮ ಮಾಡಿತು, 2011ರ ಮಾರ್ಚ್‌ನಲ್ಲಿ ವಹಿವಾಟು ಶುರುವಾಯಿತು. ವಿತರಣಾ ಕಂಪನಿಗಳೂ ಸ್ವಂತ ಕರೆಂಟು ತಯಾರಿಸುವ ದೊಡ್ಡ ಕಾರ್ಖಾನೆಗಳೂ ಇಂತಿಷ್ಟು ಪಾಲು ನವೀಕರಿಸಬಹುದಾದ ಮೂಲದಿಂದ ಪಡೆಯಲೇಬೇಕು. ಕಡಿಮೆ ಬಿದ್ದರೆ ಚೀಟಿ ಕೊಂಡು ತುಂಬಿಸಬಹುದು. ಜಾಗವಿಲ್ಲದ ದಿಲ್ಲಿಯು ಬಿಸಿಲಿರುವ ನಾಡಿಗೆ ಹಣ ಕೊಡುವ ಈ ಯೋಚನೆ ಒಳ್ಳೆಯದು.

ತಕರಾರಿರುವುದು ಅದನ್ನು ನಡೆಸಿದ ರೀತಿಯಲ್ಲಿ. ಸೌರ ಚೀಟಿಯ ಕನಿಷ್ಠ ಬೆಲೆ ಮೊದಲು 12,000 ರೂಪಾಯಿ ಇತ್ತು. 2012ರಲ್ಲಿ 9,300, 2015ರಲ್ಲಿ 3,500, 2017ರಲ್ಲಿ 1,000, 2020ರಲ್ಲಿ ಸೊನ್ನೆ. ಫಲಕಗಳು ಅಗ್ಗವಾದವು, ನಿಜ. ಆದರೆ ಕೊಳ್ಳಬೇಕಾದವರು ಕೊಳ್ಳಲಿಲ್ಲ ಎಂಬುದೂ ಅಷ್ಟೇ ನಿಜ. ಹೊಣೆ ತಪ್ಪಿಸಿದವರಿಗೆ ಹಲವು ರಾಜ್ಯಗಳ ಆಯೋಗಗಳು ದಂಡ ಹಾಕದೆ, ಬಾಕಿಯನ್ನು ಮುಂದಿನ ವರ್ಷಕ್ಕೆ ದೂಡಿದವು. ಲಕ್ಷಗಟ್ಟಲೆ ಚೀಟಿ ಮಾರಾಟವಾಗದೆ ಉಳಿದವು. ಖರೀದಿದಾರ ಬಾರದ ದಿನ ಉಳ್ಳಾಗಡ್ಡಿ ಚೀಲಕ್ಕೆ ಏನು ಗತಿ ಎಂದು ಅಮರಗೋಳದ ಎಪಿಎಂಸಿಗೆ ಹೋಗುವ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಮೆರಿಕದ ನ್ಯೂಜೆರ್ಸಿಯಲ್ಲೂ ಬೆಲೆ ಕುಸಿದಿತ್ತು. 600 ಡಾಲರ್ ದಾಟಿದ್ದ ಚೀಟಿ 2012ರ ಹೊತ್ತಿಗೆ ನೂರರ ಆಸುಪಾಸಿಗೆ ಬಿತ್ತು. ಆ ರಾಜ್ಯ ಅದೇ ವರ್ಷ ಕಾನೂನು ತಿದ್ದಿ ಖರೀದಿಯ ಹೊಣೆಯನ್ನು ಹೆಚ್ಚಿಸಿತು. ಚೀಟಿ ಕೊಳ್ಳದ ಕಂಪನಿ ಇಷ್ಟು ದಂಡ ಕಟ್ಟಬೇಕೆಂದು ಅಲ್ಲಿ ಮೊದಲೇ ಗೊತ್ತುಮಾಡಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಮನೆಯ ಮಾಳಿಗೆಗೂ ಚೀಟಿ ಸಿಗುತ್ತಿತ್ತು.

ನಮ್ಮಲ್ಲಿ? ನಮ್ಮ ಮಾಳಿಗೆ ವರ್ಷಕ್ಕೆ ನಾಲ್ಕು ಸಾವಿರ ಯೂನಿಟ್ ಕೊಡುತ್ತದೆ, ಅಂದರೆ ನಾಲ್ಕು ಚೀಟಿ. ಮೊದಲ ಕನಿಷ್ಠ ದರದಲ್ಲಿ ಅದು 48,000 ರೂಪಾಯಿ. 2024ರಲ್ಲಿ ಒಂದು ಚೀಟಿ ನೂರು ಚಿಲ್ಲರೆ ರೂಪಾಯಿಗೆ ಇಳಿದಾಗ ಐನೂರರ ಆಸುಪಾಸು. ಆದರೆ ಇಷ್ಟು ಸಣ್ಣ ಘಟಕ ಚೀಟಿಯ ಪೇಟೆಗೆ ಬರಲಾಗದು ಎಂದಮೇಲೆ ಆ ಐನೂರೂ ನಮ್ಮದಲ್ಲ. ನೆಟ್ ಮೀಟರ್ ನಿಯಮದ ಪ್ರಕಾರ ನಮ್ಮ ಮಾಳಿಗೆಯ ಹಸಿರು ಪಾಲು ಹೆಸ್ಕಾಂನ ಹೊಣೆಯ ಲೆಕ್ಕಕ್ಕೆ ಸೇರುತ್ತದೆ. ಕಾನೂನಿನಂತೆ ಇದು ಸರಿ, ನ್ಯಾಯವಾಗಿ ಸರಿಯಲ್ಲ. ಸಾಲ ಮಾಡಿ ಫಲಕ ಹಾಕಿಸಿದವರು ಮನೆಯವರು. 78,000 ರೂಪಾಯಿವರೆಗಿನ ಕೇಂದ್ರದ ಸಹಾಯಧನ ಇದಕ್ಕೆ ಉತ್ತರವಾಗದು, ಏಕೆಂದರೆ ಅದು ಒಮ್ಮೆ ಬರುವ ಹಣ. ಫಲಕ ಬಿಸಿಲು ಹಿಡಿಯುವುದು ಇಪ್ಪತ್ತೈದು ವರ್ಷ.

ಪಾವಗಡದ 2,050 ಮೆಗಾವ್ಯಾಟ್ ಪಾರ್ಕ್ ಇರುವ ರಾಜ್ಯಕ್ಕೆ ನಮ್ಮ ಮೂರು ಕಿಲೋವ್ಯಾಟ್ ಯಾವ ಲೆಕ್ಕ ಎನ್ನುವವರಿದ್ದಾರೆ. ಕೇಂದ್ರದ 2023ರ ಅಧಿಸೂಚನೆಯನ್ನು ಅವರು ಓದಬೇಕು. ನವೀಕರಿಸಬಹುದಾದ ಇಂಧನದ ಕಡ್ಡಾಯ ಪಾಲು 2024-25ರ ಶೇ. 29.91ರಿಂದ 2029-30ಕ್ಕೆ ಶೇ. 43.33 ಆಗಬೇಕು. ಅದರೊಳಗೆ ಸಣ್ಣ, ಚದುರಿದ ಘಟಕಗಳಿಗೆಂದೇ ಬೇರೆ ಪಾಲಿದೆ, ಅದು ಶೇ. 1.5ರಿಂದ 4.5ಕ್ಕೆ ಏರುತ್ತದೆ. ಮಾಳಿಗೆಗಳಿಲ್ಲದೆ ಈ ಪಾಲು ತುಂಬುವುದು ಕಷ್ಟ. ಹಾಗಿದ್ದಲ್ಲಿ ಕೊಟ್ಟವರ ಹೆಸರಿಗೆ ಎಷ್ಟು ಹಸಿರು ಪಾಲು ಎಂಬ ಆ ಮೂರನೆಯ ಅಂಕಿ ಬಿಲ್ಲಿನಲ್ಲಿ ಕಾಣಲಿ, ಅದಕ್ಕೊಂದು ದರ ನಿಗದಿಯಾಗಲಿ.

ಹೆಸ್ಕಾಂ ದರದ ಬಗ್ಗೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಮುಂದಿನ ಸಲ ಈ ಬೇಡಿಕೆಯನ್ನು ಬರೆದುಕೊಂಡು ನಾನು ಹೋಗುತ್ತೇನೆ. ಮಾಳಿಗೆ ಮೇಲೆ ಫಲಕ ಹಾಕಿಸಿದ ಹುಬ್ಬಳ್ಳಿ-ಧಾರವಾಡ ಅವಳಿನಗರದವರು ತಮ್ಮ ಬಿಲ್ಲು ಹಿಡಿದು ಜೊತೆಗೆ ಬನ್ನಿ.