ಅಲ್ಲಿಗೆ ಯಾಕೆ ಹೋದ್ರು?

ಕಳೆದ ಭಾನುವಾರ ಕುಮಟೆಯ ಒಂದು ಮಹಡಿ ಕೋಣೆಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಬಿಟ್ಟಿದ್ದರು. ಭಟ್ಕಳ, ಹೊನ್ನಾವರ, ಕುಮಟೆಯ ಹುಡುಗರು ಸೇರಿ ಬಿಜಿಎಂಐ ಎಂಬ ಮೊಬೈಲ್ ಗುಂಡಿನಾಟಕ್ಕೆ ತಮ್ಮದೇ ಕಸ್ಟಮ್ ರೂಮ್ ಹಾಕಿಕೊಂಡಿದ್ದರು. ಕನ್ನಡದಲ್ಲಿ ಕಾಮೆಂಟರಿ ಹೇಳುತ್ತಿದ್ದ ಹುಡುಗನಿಗೆ ಒಳ್ಳೆಯ ಕಂಠ, ಒಳ್ಳೆಯ ಓಟ. ಎರಾಂಗಲ್ ನಕಾಶೆಯ ಸೇತುವೆ ಮೇಲೆ ಒಂದು ಜೀಪು ಬಂತು. ಆಚೆ ದಡದಿಂದ ಗುಂಡು ಹಾರಿತು. ಒಳಗಿದ್ದ ನಾಲ್ವರೂ ಮುಗಿದರು. ಹುಡುಗ ಕೂಡಲೇ ರಿಪ್ಲೇ ಹಾಕಿದ. ಐದು ಸೆಕೆಂಡು, ಅದೇ ಜೀಪು, ಅದೇ ಗುಂಡು. ಕೆಂಪು ಪೆನ್ನು ತೆಗೆದು ಜೀಪಿಗೆ ಮೂರು ಸುತ್ತು ಹಾಕಿದ. ಮೊಮ್ಮಗನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು ಆಗ ಕೇಳಿದರು: “ತಮಾ, ಅವ್ರು ಸತ್ತದ್ದು ಕಂಡ್ತು. ಅಲ್ಲಿಗೆ ಯಾಕೆ ಹೋದ್ರು?”

ಆಟವನ್ನು ಪರದೆಯ ಮೇಲೆ ನಿಲ್ಲಿಸಿ, ಹಿಂದಕ್ಕೆ ಹಾಕಿ, ಗೆರೆ ಎಳೆದು ವಿವರಿಸುವ ವಿದ್ಯೆಯ ತಿರುಳು ಆ ಒಂದು ಪ್ರಶ್ನೆಯಲ್ಲಿದೆ. ಎಲ್ಲರೂ ಆಗಲೇ ಕಂಡದ್ದರ ಮೇಲೆ ಎಳೆದ ಗೆರೆ ದಂಡ. ಎದುರಿಗಿದ್ದೂ ಯಾರ ಕಣ್ಣಿಗೂ ಬೀಳದೆ ಹೋದದ್ದನ್ನು ತೋರಿಸಿದರೆ ಮಾತ್ರ ಗೆರೆಗೆ ಬೆಲೆ.

ಎರಾಂಗಲ್ ಎಂದರೆ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲದ ನಕಾಶೆ. ದಕ್ಷಿಣಕ್ಕೆ ಮಿಲಿಟರಿ ಬೇಸ್ ಇರುವ ಬೇರೆ ದ್ವೀಪ. ಅಲ್ಲಿಂದ ದೊಡ್ಡ ನೆಲಕ್ಕೆ ಬರಲು ಎರಡು ಸೇತುವೆ. ಇಲ್ಲವೆಂದರೆ ದೋಣಿ, ಅದೂ ಇಲ್ಲವೆಂದರೆ ಈಜು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಕೋಡದಿಂದ ಹೊನ್ನಾವರಕ್ಕೆ ಬರುವವನಿಗೂ ಶರಾವತಿ ಇಡುವ ಲೆಕ್ಕ ಇದೇ. ಆಟ ಸಾಗಿದಂತೆ ಎಲ್ಲರೂ ಒಳಗೆ ಸೇರಲೇಬೇಕಾದ ಸುರಕ್ಷಿತ ವೃತ್ತ ಉತ್ತರಕ್ಕೆ ಬಿತ್ತೆಂದರೆ ದ್ವೀಪದಲ್ಲಿ ಇಳಿದವರು ಹೊಳೆ ದಾಟಲೇಬೇಕು. ಅದನ್ನು ಬಲ್ಲವರು ಸೇತುವೆಯ ತುದಿಯಲ್ಲಿ ಹೊಂಚು ಹಾಕುತ್ತಾರೆ. ಹಾಗಾಗಿ ಸೇತುವೆ ಮೇಲಿನ ಸಾವಿಗೆ ಕಾರಣ ಸೇತುವೆ ಮೇಲೆ ಸಿಗುವುದಿಲ್ಲ. ಒಂದೂವರೆ ನಿಮಿಷದ ಹಿಂದೆ ವೃತ್ತ ತೆರೆದುಕೊಂಡಾಗ ಆ ತಂಡ ಎಲ್ಲಿತ್ತು, ಯಾವಾಗ ಹೊರಟಿತು, ಯಾವ ದಾರಿ ಬಿಟ್ಟಿತು ಎಂಬಲ್ಲಿ ಸಿಗುತ್ತದೆ. ಐದು ಸೆಕೆಂಡಿನ ರಿಪ್ಲೇ ಪೆಟ್ಟನ್ನು ತೋರಿಸುತ್ತದೆ. ತಪ್ಪನ್ನು ತೋರಿಸಲು ತೊಂಬತ್ತು ಸೆಕೆಂಡು ಹಿಂದೆ ಹೋಗಬೇಕು.

ರಿಪ್ಲೇ ಎಂಬುದು ಟಿವಿಗೆ ಬಂದದ್ದು 1963ರ ಡಿಸೆಂಬರ್ 7ರಂದು. ಅಮೆರಿಕದ ಆರ್ಮಿ–ನೇವಿ ಫುಟ್‌ಬಾಲ್ ಪಂದ್ಯದಲ್ಲಿ ಟೋನಿ ವೆರ್ನಾ ಎಂಬ ನಿರ್ದೇಶಕರು ಆಗಷ್ಟೇ ಮುಗಿದ ಆಟವನ್ನು ಟೇಪಿನಿಂದ ಮತ್ತೊಮ್ಮೆ ಬಿತ್ತರಿಸಿದರು. ಇದು ಈಗ ನಡೆಯುತ್ತಿರುವುದಲ್ಲ, ಇನ್ನೊಂದು ಸಲ ಸ್ಕೋರ್ ಆಗಿಲ್ಲ ಎಂದು ವಿವರಣೆಗಾರ ಒತ್ತಿ ಹೇಳಬೇಕಾಯಿತು. ಮೊಬೈಲಿನಲ್ಲಿ ಅರ್ಧದಿಂದ ನೋಡಲು ಶುರುಮಾಡುವವರಿಗೆ ಇವತ್ತಿಗೂ ಆ ಗೊಂದಲ ಇದ್ದದ್ದೇ. ಮೂಲೆಯಲ್ಲಿ ‘ಮರುನೋಟ’ ಎಂದು ದಪ್ಪಕ್ಷರದಲ್ಲಿ ಬರೆದಿರಲೇಬೇಕು. ಚಲಿಸುವ ಚಿತ್ರದ ಮೇಲೆ ಗೆರೆ ಎಳೆಯುವ ಟೆಲಿಸ್ಟ್ರೇಟರ್ ಭೌತವಿಜ್ಞಾನಿ ಲಿಯೊನಾರ್ಡ್ ರೀಫೆಲ್ ಅವರ ಕೊಡುಗೆ. 1982ರ ಸೂಪರ್ ಬೌಲ್‌ನಲ್ಲಿ ಜಾನ್ ಮ್ಯಾಡನ್ ಅದನ್ನು ಹಿಡಿದ ಮೇಲೆ ಅದು ಮನೆಮಾತಾಯಿತು. ಮ್ಯಾಡನ್ ಸ್ವತಃ ಕೋಚ್ ಆಗಿದ್ದವರು. ಅವರ ಪೆನ್ನು ಚೆಂಡಿನ ಬೆನ್ನು ಹತ್ತುತ್ತಿರಲಿಲ್ಲ, ಚೆಂಡಿಗೆ ದಾರಿ ಬಿಡಿಸಿಕೊಟ್ಟವನನ್ನು ಹುಡುಕುತ್ತಿತ್ತು.

ಕಂಪ್ಯೂಟರ್ ಆಟಗಳಿಗೆ ಮೈದಾನದ ಆಟಕ್ಕಿಲ್ಲದ ಒಂದು ಭಾಗ್ಯವಿದೆ. 1993ರ ಡೂಮ್ ಆಟ ಪಂದ್ಯದ ಚಿತ್ರವನ್ನು ಉಳಿಸುತ್ತಿರಲಿಲ್ಲ. ಸೆಕೆಂಡಿಗೆ 35 ಸಲ ಆಟಗಾರ ಯಾವ ಗುಂಡಿ ಒತ್ತಿದ್ದ ಎಂಬುದನ್ನಷ್ಟೇ ಬರೆದಿಡುತ್ತಿತ್ತು. ನೋಡಬೇಕೆಂದಾಗ ಆ ಬರಹವನ್ನು ಓದಿ ಆಟವನ್ನು ಮತ್ತೆ ಆಡಿಸುತ್ತಿತ್ತು. ಚದುರಂಗದ ನಡೆಗಳನ್ನು ಕಾಗದದಲ್ಲಿ ಬರೆದಿಟ್ಟು ಆಮೇಲೆ ಮಣೆಯ ಮೇಲೆ ಜೋಡಿಸಿ ನೋಡಿದ ಹಾಗೆ. ಕೌಂಟರ್-ಸ್ಟ್ರೈಕ್, ಡೋಟಾ 2 ಆಟಗಳ ರಿಪ್ಲೇ ಕಡತವೂ ಚಿತ್ರವಲ್ಲ, ಪಂದ್ಯದ ಲೆಕ್ಕ. ಆದ್ದರಿಂದಲೇ ಕ್ಯಾಮೆರಾವನ್ನು ಬೇಕಾದಲ್ಲಿಗೆ ಒಯ್ಯಬಹುದು. ಪಂದ್ಯ ನಡೆಯುವಾಗ ಯಾರೂ ನೋಡದ ಮೂಲೆಯನ್ನೂ ಆಮೇಲೆ ನೋಡಬಹುದು.

ನಮ್ಮ ಹುಡುಗರ ಕೈಯಲ್ಲಿರುವುದು ಬಹುಪಾಲು ಮೊಬೈಲ್ ಆಟ, ಸಿಗುವುದು ಬರೀ ವಿಡಿಯೊ. ಅದರಲ್ಲಿ ಕ್ಯಾಮೆರಾ ಕಂಡದ್ದಷ್ಟೇ ಇರುತ್ತದೆ. ಜೀಪು ಹೊರಟ ಗಳಿಗೆಯಲ್ಲಿ ಪರದೆ ಬೇರೆ ತಂಡವನ್ನು ತೋರಿಸುತ್ತಿದ್ದರೆ ಎಷ್ಟು ಹಿಂದೆ ಹಾಕಿದರೂ ಫಲವಿಲ್ಲ. ಇದಕ್ಕೆ ನಾನು ಕಂಡ ಒಳ್ಳೆಯ ಉಪಾಯ, ನೋಡುಗರಾಗಿ ರೂಮಿಗೆ ಸೇರಿದ ಫೋನುಗಳಲ್ಲಿ ಒಂದನ್ನು ನಕಾಶೆಗೇ ಮೀಸಲಿಡುವುದು. ಆಟ ಮುಗಿಯುವ ತನಕ ಅದರಲ್ಲಿ ನಕಾಶೆ ತೆರೆದೇ ಇರಲಿ, ರೆಕಾರ್ಡ್ ಆಗುತ್ತಲೇ ಇರಲಿ. ಗುಂಡಿನ ಸದ್ದು ದೊಡ್ಡ ಪರದೆಗೆ, ಗುಂಡಿನ ಕಾರಣ ಸಣ್ಣ ಫೋನಿಗೆ.

ಹಿಂದೆ ಹಾಕಲು ದುಬಾರಿ ಯಂತ್ರ ಬೇಡ. ನೇರ ಪ್ರಸಾರಕ್ಕೆ ಪುಕ್ಕಟೆ ಸಿಗುವ ಓಬಿಎಸ್ ತಂತ್ರಾಂಶದಲ್ಲಿ ‘ರಿಪ್ಲೇ ಬಫರ್’ ಎಂಬ ವ್ಯವಸ್ಥೆಯಿದೆ. ಕಳೆದ ಇಂತಿಷ್ಟು ಸೆಕೆಂಡುಗಳ ಚಿತ್ರವನ್ನು ಅದು ನೆನಪಿನಲ್ಲಿ ಹಿಡಿದಿಟ್ಟು, ಗುಂಡಿ ಒತ್ತಿದ ಕೂಡಲೇ ಕಡತ ಮಾಡಿಕೊಡುತ್ತದೆ. ಹೆಚ್ಚಿನವರು ಅದು ಕೊಟ್ಟ 20 ಸೆಕೆಂಡನ್ನೇ ಇಟ್ಟುಕೊಂಡಿರುತ್ತಾರೆ. 90 ಮಾಡಿ. ಸೆಕೆಂಡಿಗೆ 6000 ಕಿಲೋಬಿಟ್ ದರದಲ್ಲೂ ಅದಕ್ಕೆ 70 ಎಂಬಿಗಿಂತ ಕಡಿಮೆ ಜಾಗ ಸಾಕು, ಹಳೆಯ ಲ್ಯಾಪ್‌ಟಾಪೂ ತಡೆದುಕೊಳ್ಳುತ್ತದೆ.

ಗೆರೆಗೆ ಮೈಕ್ರೋಸಾಫ್ಟಿನ ಝೂಮ್‌ಇಟ್ ನನಗೆ ಮೆಚ್ಚು. ಕಂಟ್ರೋಲ್ ಜೊತೆ 2 ಒತ್ತಿದರೆ ಪರದೆ ಹಾಳೆಯಾಗುತ್ತದೆ. ಶಿಫ್ಟ್ ಹಿಡಿದರೆ ನೇರ ಗೆರೆ, ಟ್ಯಾಬ್ ಹಿಡಿದರೆ ವೃತ್ತ, ಇ ಒತ್ತಿದರೆ ಎಲ್ಲ ಅಳಿಯುತ್ತದೆ. ಒಂದು ಎಚ್ಚರ ಬೇಕು. ಓಬಿಎಸ್‌ನಲ್ಲಿ ‘ಗೇಮ್ ಕ್ಯಾಪ್ಚರ್’ ಇಟ್ಟಿದ್ದರೆ ಅದು ಆಟದ ಚಿತ್ರವನ್ನಷ್ಟೇ ಎತ್ತಿಕೊಳ್ಳುತ್ತದೆ, ಮೇಲಿನ ಗೆರೆ ನೋಡುಗರಿಗೆ ಹೋಗುವುದೇ ಇಲ್ಲ. ‘ಡಿಸ್‌ಪ್ಲೇ ಕ್ಯಾಪ್ಚರ್’ ಬೇಕು. ಅರ್ಧ ಪಂದ್ಯ ಶ್ರದ್ಧೆಯಿಂದ ಗೆರೆ ಎಳೆದ ಹುಡುಗನೊಬ್ಬ, ಒಂದೂ ಯಾರಿಗೂ ಕಂಡಿಲ್ಲ ಎಂದು ತಿಳಿದು ಮುಖ ಸಣ್ಣದು ಮಾಡಿಕೊಂಡದ್ದನ್ನು ನೋಡಿದ್ದೇನೆ. ಶುರುಮಾಡುವ ಮೊದಲು ಬೇರೊಂದು ಫೋನಿನಲ್ಲಿ ನೇರ ಪ್ರಸಾರ ತೆರೆದು ಒಮ್ಮೆ ಪರೀಕ್ಷಿಸಿಕೊಳ್ಳಿ.

ಬಣ್ಣವೂ ಯೋಚಿಸಬೇಕಾದ ವಿಷಯ. ಎರಾಂಗಲ್‌ನ ಹುಲ್ಲಿನ ಮೇಲೆ ಹಸಿರು ಗೆರೆ ಕರಗುತ್ತದೆ, ಮಿರಾಮಾರ್ ಎಂಬ ಇನ್ನೊಂದು ನಕಾಶೆಯ ಮರಳಿನ ಮೇಲೆ ಹಳದಿ ಕರಗುತ್ತದೆ. ನೀಲಿ, ಬಿಳಿ ಎರಡನ್ನೂ ನಕಾಶೆಯ ವೃತ್ತಗಳು ಮೊದಲೇ ಬಳಸಿಕೊಂಡಿವೆ. ಕೆಂಪು–ಹಸಿರು ಬೇರ್ಪಡಿಸಲಾಗದ ಕಣ್ಣುಗಳೂ ನೋಡುಗರಲ್ಲಿ ಇರುತ್ತವೆ. ನನ್ನ ಆಯ್ಕೆ ಗಾಢ ಗುಲಾಬಿ, ಅದೂ ಒಂದೇ ಬಣ್ಣ. ಒಂದು ವಿವರಣೆಗೆ ಎರಡು ಗೆರೆ ದಾಟಬಾರದು. ಹೇಳಿ ಮುಗಿದ ಕೂಡಲೇ ಅಳಿಸಬೇಕು.

ಕಡಿಮೆ ಗೆರೆಯ ಬಲ ಏನೆಂದು ಚದುರಂಗ ಕಲಿಸುತ್ತದೆ. 2025ರಲ್ಲಿ ರಿಯಾದ್‌ನ ಇ-ಸ್ಪೋರ್ಟ್ಸ್ ವಿಶ್ವಕಪ್ಪಿಗೂ ಸೇರಿದ ಆಟ ಅದು. ಲೀಚೆಸ್‌ನಂಥ ತಾಣದಲ್ಲಿ ಮೌಸಿನ ಬಲಗುಂಡಿ ಒತ್ತಿ ಎಳೆದರೆ ಬಾಣದ ಗುರುತು ಮೂಡುತ್ತದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಹದಿನಾಲ್ಕನೆಯ ಪಂದ್ಯವನ್ನು ನೆನಪಿಸಿಕೊಳ್ಳಿ. 55ನೆಯ ನಡೆಯಲ್ಲಿ ಎದುರಾಳಿ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ತಂದರು. ಎಲ್ಲರ ಕಣ್ಣು ಆ ಆನೆಯ ಮೇಲೆ ನೆಟ್ಟಿತು. ಬಾಣ ಎಳೆಯಬೇಕಾದದ್ದು ಮಾತ್ರ ಬೇರೆ ಕಡೆ. ಡಿಂಗ್‌ರ ಒಂಟೆ ಎ8 ಮೂಲೆಯಲ್ಲಿತ್ತು. ಮೂಲೆಯ ಒಂಟೆಗೆ ಎ8ರಿಂದ ಎಚ್1ರವರೆಗಿನ ಓರೆ ಸಾಲು ಒಂದೇ ದಾರಿ. ಆನೆಗಳು ಒಂದನ್ನೊಂದು ಕಡಿದ ಮೇಲೆ ಗುಕೇಶ್ ತಮ್ಮ ಒಂಟೆಯನ್ನು ಅದೇ ಸಾಲಿನ ಡಿ5ರಲ್ಲಿ ತಂದು ನಿಲ್ಲಿಸಿದರು. ತಪ್ಪಿಸಿಕೊಳ್ಳಲು ಜಾಗವಿಲ್ಲದೆ ಒಂಟೆಗಳೂ ಹೋದವು. ಉಳಿದದ್ದು ಎರಡು ಕಾಲಾಳುಗಳ ಎದುರು ಒಂದು ಕಾಲಾಳು. ಮೂಲೆಯಿಂದ ಮೂಲೆಗೆ ಒಂದೇ ಬಾಣ ಎಳೆದರೆ ಒಂದು ವಿಶ್ವ ಪಟ್ಟ ಕೈ ಬದಲಾದ ಕಥೆ ಹೈಸ್ಕೂಲ್ ಮಕ್ಕಳಿಗೂ ಅರ್ಥವಾಗುತ್ತದೆ.

ಗೆರೆಯೂ ಮಾತೂ ಹೇಗೆ ಕೂಡಬೇಕು ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಯಕ್ಷಗಾನದ ಇಡಗುಂಜಿ ಮೇಳ ಕಟ್ಟಿದ್ದು ನಮ್ಮ ಹೊನ್ನಾವರ ತಾಲೂಕಿನಲ್ಲೇ. ಅದೇ ಯಕ್ಷಗಾನದ ತಾಳಮದ್ದಲೆಯಲ್ಲಿ ಭಾಗವತರು ಪದ್ಯ ಹೇಳಿ ಮುಗಿಸುವ ತನಕ ಅರ್ಥಧಾರಿ ಬಾಯಿ ತೆರೆಯುವುದಿಲ್ಲ. ಪದ್ಯ ಕಿವಿಯಲ್ಲಿ ಇಳಿಯಬೇಕು, ಆಮೇಲೆ ಅರ್ಥ. ರಿಪ್ಲೇ ಎಂದರೆ ಎರಡನೆಯ ಸಲ ಹೇಳಿದ ಪದ್ಯ. ಅದು ಓಡುವಾಗ ಮಾತೂ ಗೆರೆಯೂ ಒಟ್ಟಿಗೆ ನುಗ್ಗಿದರೆ ಮೂರೂ ಕೆಡುತ್ತವೆ. ಮೊದಲು ಚಿತ್ರ ಓಡಲಿ, ವಿವರಣೆಗಾರ ಸುಮ್ಮನಿರಲಿ. ಬೇಕಾದ ಗಳಿಗೆಯಲ್ಲಿ ನಿಲ್ಲಿಸಲಿ. ನಿಂತ ಚಿತ್ರದ ಮೇಲೆ ಗೆರೆ ಎಳೆಯಲಿ. ಆಮೇಲೆ ಅರ್ಥ ಹೇಳಲಿ. ನಮ್ಮ ಹುಡುಗರು ಚಿಕ್ಕಂದಿನಿಂದ ಕೇಳಿ ಬೆಳೆದ ಲಯ ಇದು. ಅದನ್ನು ಮೈಕಿನ ಮುಂದೆಯೂ ನೆನೆದರೆ ಕನ್ನಡದ ಕಾಮೆಂಟರಿಗೆ ಅದರದೇ ಆದ ನಡೆ ಸಿಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇದೇ ಸಾಧನಗಳು ನಮ್ಮ ಊರಿನ ಕಬಡ್ಡಿ, ವಾಲಿಬಾಲ್ ನೇರ ಪ್ರಸಾರಕ್ಕೂ ಒದಗುತ್ತವೆ. ಕಬಡ್ಡಿಯ ಒಂದು ರೈಡಿಗೆ 30 ಸೆಕೆಂಡು. ಹಿಡಿತ ಬಿದ್ದ ಕೊನೆಯ ಕ್ಷಣವನ್ನಷ್ಟೇ ಅಲ್ಲ, ಇಡೀ ರೈಡನ್ನು ಮತ್ತೆ ತೋರಿಸಿ. ರೈಡರ್‌ನನ್ನು ಮೂಲೆಗೆ ಕರೆತಂದ ಸರಪಳಿಯ ಹೆಜ್ಜೆ ಆಗ ಕಾಣುತ್ತದೆ.

ಕುಮಟೆಯಲ್ಲಿ ಆ ಸಂಜೆಯ ಕೊನೆಯ ಪಂದ್ಯಕ್ಕೆ ಮೊದಲು ಬಿಡುವಿತ್ತು. ಹಿರಿಯರ ಪ್ರಶ್ನೆ ಹುಡುಗನ ತಲೆಯಲ್ಲಿ ಉಳಿದಿತ್ತು. ಅಲ್ಲೂ ಒಂದು ಫೋನಿನಲ್ಲಿ ನಕಾಶೆ ರೆಕಾರ್ಡ್ ಆಗಿತ್ತು. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಸೇತುವೆಯ ಪ್ರಸಂಗವನ್ನು ಎಂಬತ್ತು ಸೆಕೆಂಡು ಹಿಂದಕ್ಕೆ ಒಯ್ದ. ನಾಲ್ಕು ಚುಕ್ಕಿಗಳು ದ್ವೀಪದ ದಂಡೆಯಲ್ಲೇ ನಿಂತಿದ್ದವು. ವೃತ್ತ ಆಗಷ್ಟೇ ಉತ್ತರಕ್ಕೆ ಬಿದ್ದಿತ್ತು. ಚಿತ್ರ ನಿಲ್ಲಿಸಿ ಸೇತುವೆಯ ಆಚೆ ತುದಿಯಲ್ಲಿ ಕಾಯುತ್ತಿದ್ದ ತಂಡಕ್ಕೆ ಒಂದು ಸುತ್ತು ಹಾಕಿದ. ಎರಡನೆಯ ಗೆರೆಯನ್ನು ದಂಡೆಯಿಂದ ನೀರಿನ ಮೇಲೆ ಪಶ್ಚಿಮಕ್ಕೆ ಎಳೆದು ಪೆನ್ನು ಎತ್ತಿದ. ಬಾಯಿ ತೆರೆಯಲಿಲ್ಲ. ಕೋಣೆಯಲ್ಲಿ ಎರಡು ಗಳಿಗೆ ಮೌನ. ಆಮೇಲೆ ಹಿಂದಿನ ಬೆಂಚಿನಿಂದ ಆ ಮೊಮ್ಮಗನ ದನಿ ಎದ್ದಿತು: “ಅಜ್ಜಾ, ದೋಣಿಯಲ್ಲಿ ಹೋಗ್ಬಹುದಿತ್ತಲ್ಲ!”